ಹಳ್ಳ, ಸಂಕ, ಆರು ಸ್ಟ್ರಿಪ್ ಮಾತ್ರೆ

ಆ ದಿನ ಶಿವಮೊಗ್ಗದ ದುರ್ಗಿಗುಡಿಯಿಂದ ಶುರು ಮಾಡಿ ನೆಹರೂ ರೋಡ್ ಮುಗಿಯುವಷ್ಟರಲ್ಲಿ ಹನ್ನೊಂದು ಮೆಡಿಕಲ್ ಶಾಪ್ ಹತ್ತಿ ಇಳಿದಿದ್ದೆ. ಎಲ್ಲ ಕಡೆಯೂ ಒಂದೇ ಕತೆ. ಚೀಟಿ ಇಸ್ಕೊಂಡು ಓದುತ್ತಿದ್ದರು, ಆಮೇಲೆ ಚೀಟಿ ಬಿಟ್ಟು ನನ್ನ ಮುಖ ನೋಡುತ್ತಿದ್ದರು. "ಯಾರಿಗೆ ಮೇಡಂ ಇದು?" "ನನಗೇ." "ಇಲ್ಲ, ನಾವು ಇಡಲ್ಲ." ಬಿಳಿ ಮೀಸೆಯ ಹಿರಿಯರೊಬ್ಬರು ಮಾತ್ರ ಚೀಟಿ ಮಡಿಸಿ ವಾಪಸ್ ಕೊಡುತ್ತಾ, "ಇದು ಶೆಡ್ಯೂಲ್ ಎಕ್ಸ್ ಮಾತ್ರೆ ತಾಯಿ. ಇದಕ್ಕೆ ಬೇರೆ ಲೈಸೆನ್ಸ್ ಬೇಕು, ಬೀಗ ಹಾಕೋ ಕಪಾಟು ಬೇಕು, ರಿಜಿಸ್ಟರ್ ಬರೀಬೇಕು. ತಿಂಗಳಿಗೆ ಒಬ್ರೋ ಇಬ್ರೋ ಕೇಳೋ ಮಾತ್ರೆಗೆ ಅಷ್ಟೆಲ್ಲ ಯಾರು ಮಾಡ್ತಾರೆ? ಬೆಂಗಳೂರಲ್ಲಿ ನೋಡಿ" ಅಂದರು. ಅಷ್ಟು ಬಿಡಿಸಿ ಹೇಳಿದ್ದಕ್ಕೇ ನನಗೆ ಕಣ್ಣು ತುಂಬಿ ಬಂತು.

ಮಾತ್ರೆಯ ಹೆಸರು ಮೀಥೈಲ್‌ಫೆನಿಡೇಟ್. ನನಗಿರುವುದು ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ, ಮನಸ್ಸು ಚಂಚಲವಾಗುವ ತೊಂದರೆ. ವಯಸ್ಸು 38. ತೀರ್ಥಹಳ್ಳಿ ಕಡೆಯ ಹುಟ್ಟು. ಶಿವಮೊಗ್ಗದ ಒಂದು ಪತ್ತಿನ ಸಹಕಾರ ಸಂಘದಲ್ಲಿ ಹದಿಮೂರು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ನನ್ನ ತೊಂದರೆಗೆ ಒಂದು ಹೆಸರಿದೆ ಅಂತ ಗೊತ್ತಾಗಿದ್ದು ಮೂರು ವರ್ಷದ ಹಿಂದೆ. ಆಮೇಲೆ ನೆಂಟರು, ಸ್ನೇಹಿತೆಯರು, ಗುರುತಿಲ್ಲದವರು ಕೂಡ ಮೆಸೇಜ್ ಮಾಡಿ ಕೇಳುತ್ತಾರೆ: ಇದಕ್ಕೆ ಯಾವ ಚಿಕಿತ್ಸೆ ಒಳ್ಳೇದು? ಮಾತ್ರೆ ತಗೋಬಹುದಾ? ಅಭ್ಯಾಸ ಆಗಿಬಿಡುತ್ತಂತಲ್ಲ? ಒಬ್ಬೊಬ್ಬರಿಗೂ ಬರೆದು ಬರೆದು ಕೊನೆಗೆ ಇಲ್ಲೇ ಬರೆದಿಡುವುದು ಒಳ್ಳೇದು ಅನ್ನಿಸಿತು.

ಮೊದಲು ಗೊತ್ತಾದ ಬಗೆ ಹೇಳುತ್ತೇನೆ. ಅದಕ್ಕೂ ಎರಡು ವರ್ಷ ಮುಂಚೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿದ್ದೆ. ಕೆಲಸದಲ್ಲಿ ತಪ್ಪು, ಮನೆಯಲ್ಲಿ ಬೈಗುಳ, ರಾತ್ರಿ ಅಳು. ಖಿನ್ನತೆ ಅಂದರು, ಮಾತ್ರೆ ಕೊಟ್ಟರು, "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದರು. ಅಳು ಕಡಿಮೆಯಾಯಿತು, ಸುಳ್ಳು ಹೇಳಬಾರದು. ಆದರೆ ಹಾಲು ಉಕ್ಕುವುದು ನಿಲ್ಲಲಿಲ್ಲ. ಒಲೆಯ ಮುಂದೆ ನಿಂತೇ ಇರುತ್ತಿದ್ದೆ, ಹಾಲು ಉಕ್ಕಿ ಬರ್ನರ್ ಆರುತ್ತಿತ್ತು. ಎರಡು ನಿಮಿಷದ ಹಿಂದೆ ಮನಸ್ಸು ಎಲ್ಲಿಗೆ ಹೋಗಿತ್ತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಎಡಿಎಚ್‌ಡಿ ಇರುವ ದೊಡ್ಡವರಲ್ಲಿ ಖಿನ್ನತೆ, ಆತಂಕ ಜೊತೆಗೇ ಇರುವುದು ಬಹಳ ಸಾಮಾನ್ಯ. ಮೇಲಿನದಕ್ಕೆ ಮದ್ದು ಕೊಟ್ಟು ಅಡಿಯಲ್ಲಿರುವುದನ್ನು ಯಾರೂ ಕೇಳದೆ ಹೋದರೆ ಹೀಗೇ ಆಗುತ್ತದೆ.

ಆಮೇಲೆ ಬೆಂಗಳೂರಿನಲ್ಲಿ ಸಿಕ್ಕ ಮನೋವೈದ್ಯೆ ಒಂದೂವರೆ ಗಂಟೆ ಕೂತು ಕೇಳಿದರು. ರಕ್ತ ಪರೀಕ್ಷೆಯಿಂದಲೋ ಸ್ಕ್ಯಾನ್‌ನಿಂದಲೋ ಎಡಿಎಚ್‌ಡಿ ಗೊತ್ತಾಗುವುದಿಲ್ಲ, ನಿಮ್ಮ ಬಾಳಿನ ಕತೆಯೇ ಇದಕ್ಕೆ ಪರೀಕ್ಷೆ ಅಂದರು. ದೊಡ್ಡವರಲ್ಲಿ ಹೇಳಬೇಕಾದರೂ ಹನ್ನೆರಡು ವರ್ಷ ತುಂಬುವ ಮೊದಲೇ ಲಕ್ಷಣಗಳು ಇದ್ದಿರಬೇಕು, ಮನೆ, ಶಾಲೆ, ಕೆಲಸ ಹೀಗೆ ಎರಡು ಕಡೆಯಾದರೂ ಕಾಣಿಸಿರಬೇಕು. ಹಾಗಾಗಿ ಪ್ರೈಮರಿ ಶಾಲೆಯ ಪ್ರಗತಿ ಪತ್ರ ಇದ್ದರೆ ತನ್ನಿ ಅಂದರು. ಅಮ್ಮ ಅಟ್ಟದ ಟ್ರಂಕಿನಿಂದ ಹುಡುಕಿ ತೆಗೆದಳು. ನಾಲ್ಕನೇ ಕ್ಲಾಸಿನ ಮೇಷ್ಟ್ರು ದುಂಡಗೆ ಬರೆದಿದ್ದರು: "ಬುದ್ಧಿವಂತೆ. ಆದರೆ ಮನಸ್ಸು ತರಗತಿಯಲ್ಲಿ ಇರುವುದಿಲ್ಲ." ಅಮ್ಮನಿಗೆ ಫೋನ್ ಮಾಡಿ ಕೇಳಿದಾಗ ಅವಳು ಡಾಕ್ಟರಿಗೆ ಹೇಳಿದ್ದು ನನಗೂ ಕೇಳಿಸಿತು: "ಇವಳನ್ನ ಬಾವಿಗೆ ಕಳಿಸಿದ್ರೆ ಕೊಡ ಅಲ್ಲೇ ಬಿಟ್ಟು ಬರೀ ಹಗ್ಗ ಹಿಡ್ಕೊಂಡು ಬರೋಳು. ಬೈದ್ರೆ ಅಳ್ತಿದ್ಲು. ಗಲಾಟೆ ಮಾಡೋ ಮಗು ಅಲ್ಲವೇ ಅಲ್ಲ." ಗಲಾಟೆ ಮಾಡದಿದ್ದುದೇ ತಪ್ಪಾಯಿತು ನೋಡಿ. ಕ್ಲಾಸಿನಲ್ಲಿ ಬೆಂಚು ಹತ್ತಿ ಕುಣಿಯುವ ಹುಡುಗನನ್ನು ಯಾರಾದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾರು. ಕಿಟಕಿ ಹತ್ತಿರ ಕೂತು ಸುಮ್ಮನೆ ಹೊರಗೆ ನೋಡುವ ಹುಡುಗಿ "ಮೈಮರೆವಿನ ಕೂಸು" ಆಗಿ ಉಳಿಯುತ್ತಾಳೆ.

ಬಿಪಿ ನೋಡಿದರು, ಇಸಿಜಿ ಮಾಡಿಸಿದರು, ಥೈರಾಯ್ಡ್ ನೋಡಿದರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಇತ್ತಾ ಎಂದು ಕೇಳಿದರು. ದಿನಕ್ಕೆ ಆರು ಲೋಟ ಕಾಫಿ ಕುಡಿಯುತ್ತೇನೆ ಅಂದಾಗ, "ಅದನ್ನ ಎರಡಕ್ಕೆ ಇಳಿಸಿ, ಆಮೇಲೆ ಮಾತ್ರೆ" ಅಂದರು. ಹದಿನೈದು ದಿನದ ತಲೆನೋವಿನ ನಂತರ, ಒಂದು ಸೋಮವಾರ ಬೆಳಗ್ಗೆ ಅರ್ಧ ಮಾತ್ರೆ, ಅಂದರೆ 5 ಮಿಲಿಗ್ರಾಂ. ಮುಂದಿನ ವಾರ ಇಡೀ ಮಾತ್ರೆ.

ಆ ಎರಡನೇ ಸೋಮವಾರದ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು. ನಮ್ಮ ಸಂಘಕ್ಕೆ ಪಿಗ್ಮಿ ಏಜೆಂಟರು ತರುವ ಹಾಳೆಯಲ್ಲಿ ದಿನಕ್ಕೆ ನಲವತ್ತು ಚಿಲ್ಲರೆ ನಮೂದು ಇರುತ್ತವೆ. ಹೂವಿನಂಗಡಿ ನೂರು, ಜೆರಾಕ್ಸ್ ಅಂಗಡಿ ಇನ್ನೂರು, ಹೀಗೆ. ಅವನ್ನು ಖಾತೆಗೆ ಏರಿಸಿ ಮೊತ್ತ ತಾಳೆ ನೋಡಬೇಕು. ಇಪ್ಪತ್ತು ನಿಮಿಷದ ಕೆಲಸ. ನನಗೆ ಅದು ಮಧ್ಯಾಹ್ನದ ತನಕ ಎಳೆಯುತ್ತಿತ್ತು. ಎಂಟನೇ ಸಾಲಿನಲ್ಲಿ ನೀರು ಕುಡಿಯಲು ಏಳುತ್ತಿದ್ದೆ, ಬರುವಾಗ ಫೈಲು ಕಂಡು ಅದನ್ನು ತೆರೆಯುತ್ತಿದ್ದೆ, ವಾಪಸ್ ಬಂದರೆ ಎಂಟನೆಯದೋ ಒಂಬತ್ತನೆಯದೋ ಗೊತ್ತಾಗುತ್ತಿರಲಿಲ್ಲ, ಮೊದಲಿನಿಂದ ಶುರು. ಆ ಸೋಮವಾರ ಮೊದಲ ಸಾಲಿನ ಮೇಲೆ ಸ್ಕೇಲ್ ಇಟ್ಟೆ. ಏರಿಸಿದೆ. ಸ್ಕೇಲ್ ಕೆಳಗೆ ಸರಿಸಿದೆ. ಏರಿಸಿದೆ. ಫ್ಯಾನಿನ ಸದ್ದು ಇತ್ತು, ಹೊರಗೆ ಆಟೋ ಹಾರ್ನ್ ಇತ್ತು, ಆದರೆ ಅವೆಲ್ಲ ಪಕ್ಕದ ಮನೆಯ ಟಿವಿಯ ಹಾಗೆ ದೂರದಲ್ಲಿದ್ದವು. ಸ್ಕೇಲ್ ಹಾಳೆಯ ತಳ ಮುಟ್ಟಿತು. ಮೊತ್ತ ತಾಳೆಯಾಯಿತು. ಗಡಿಯಾರ ನೋಡಿದರೆ ಇಪ್ಪತ್ತೆರಡು ನಿಮಿಷ. ಖುಷಿಗಿಂತ ಮೊದಲು ನನಗೆ ಬಂದದ್ದು ದುಃಖ. ಉಳಿದವರಿಗೆಲ್ಲ ದಿನಾ ಹೀಗೇ ಇರುತ್ತದಾ? ಇಷ್ಟು ವರ್ಷ ನಾನು ಸೋಮಾರಿ ಅಂತ ನನ್ನನ್ನೇ ಬೈದುಕೊಂಡೆನಲ್ಲ. ಸ್ಟೇಷನರಿ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಅತ್ತು ಬಂದೆ.

ಆಮೇಲೆ ಓದಿ ತಿಳಿದದ್ದು: 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ತಮ್ಮ ಆಸ್ಪತ್ರೆಯ ಮೂವತ್ತು ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಆಂಫೆಟಮಿನ್ ಗುಂಪಿನ ಔಷಧಿ ಕೊಟ್ಟ ಫಲವನ್ನು ಪ್ರಕಟಿಸಿದರು. ಆ ಕಾಲದ ಮೆದುಳಿನ ಎಕ್ಸ್‌ರೇಗೆ ಬೆನ್ನುಹುರಿಯ ನೀರು ತೆಗೆಯಬೇಕಿತ್ತು, ಮಕ್ಕಳಿಗೆ ಕೆಟ್ಟ ತಲೆನೋವು ಬರುತ್ತಿತ್ತು, ಆ ತಲೆನೋವಿಗೆಂದು ಮೊದಲು ಕೊಟ್ಟ ಔಷಧಿ ಅದು. ತಲೆನೋವಿಗೆ ಅಂಥ ಉಪಯೋಗವಾಗಲಿಲ್ಲ. ಆದರೆ ಸುಮಾರು ಅರ್ಧದಷ್ಟು ಮಕ್ಕಳು ಇದ್ದಕ್ಕಿದ್ದಂತೆ ಪಾಠದಲ್ಲಿ ಮನಸ್ಸಿಟ್ಟು ಕೂತರು. ಮಕ್ಕಳೇ ಅದಕ್ಕೆ ಲೆಕ್ಕದ ಮಾತ್ರೆ ಅಂತ ಹೆಸರಿಟ್ಟಿದ್ದರಂತೆ. ಇದನ್ನು ಓದಿದಾಗ ನನ್ನ ಪಿಗ್ಮಿ ಹಾಳೆ ನೆನಪಾಗಿ ಮೈ ಜುಮ್ಮೆಂದಿತು. ನಾನು ನುಂಗುವ ಮೀಥೈಲ್‌ಫೆನಿಡೇಟ್ ಅನ್ನು 1944ರಲ್ಲಿ ಸ್ವಿಟ್ಜರ್ಲೆಂಡಿನ ಲಿಯಾಂಡ್ರೊ ಪನಿಜ್ಜೋನ್ ತಯಾರಿಸಿದರು. ಅವರ ಹೆಂಡತಿಯನ್ನು ರೀಟಾ ಎಂದು ಕರೆಯುತ್ತಿದ್ದರು, ರಿಟಾಲಿನ್ ಎಂಬ ಹೆಸರು ಬಂದದ್ದು ಅವರಿಂದ. ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಕಾಯಿಲೆ, ಹೊಸ ಮಾತ್ರೆ ಅನ್ನುವವರಿಗೆ ಈ ಇಸವಿಗಳನ್ನು ಹೇಳುತ್ತೇನೆ.

ಮಾತ್ರೆಗೆ ಅದರದೇ ಬೆಲೆಯೂ ಇದೆ. ಮಧ್ಯಾಹ್ನ ಹಸಿವು ಸತ್ತು ಹೋಗುತ್ತದೆ. ಎರಡು ತಿಂಗಳಲ್ಲಿ ಮೂರು ಕಿಲೋ ಇಳಿದೆ, ಬುತ್ತಿ ಹಾಗೇ ವಾಪಸ್ ಬರುವುದನ್ನು ನೋಡಿ ಅಮ್ಮ ಕೋಪ ಮಾಡಿಕೊಂಡಳು. ಈಗ ಮಾತ್ರೆಗೆ ಮುಂಚೆ ಎರಡು ಕಡುಬೋ ಮೂರು ದೋಸೆಯೋ ಹೊಟ್ಟೆ ತುಂಬ ತಿನ್ನುತ್ತೇನೆ. ಒಂದು ಮಾತ್ರೆ ಕೆಲಸ ಮಾಡುವುದು ಮೂರು ನಾಲ್ಕು ಗಂಟೆ ಮಾತ್ರ. ಮಧ್ಯಾಹ್ನ ಒಂದಕ್ಕೆ ಇನ್ನೊಂದು. ಅದನ್ನು ನಾಲ್ಕಕ್ಕೆ ತಗೊಂಡರೆ ರಾತ್ರಿ ಒಂದಾದರೂ ನಿದ್ದೆ ಇಲ್ಲ. ಸಂಜೆ ಐದರ ಹೊತ್ತಿಗೆ ಅದರ ಬಲ ಇಳಿಯುವಾಗ ಮೈಯೆಲ್ಲ ಕಿರಿಕಿರಿ. ಆ ಅರ್ಧ ಗಂಟೆ ಮಗಳ ಹೋಂವರ್ಕ್ ನಾನು ನೋಡುವುದಿಲ್ಲ, ಇವರು ನೋಡುತ್ತಾರೆ. ಬಿಪಿ, ತೂಕ ಡಾಕ್ಟರು ಪ್ರತಿ ಸಲ ನೋಡುತ್ತಾರೆ. ಅಭ್ಯಾಸ ಆಗಿಬಿಡುತ್ತಾ ಅಂತ ಕೇಳುವವರಿಗೆ ನನ್ನ ಅನುಭವ ಹೇಳುವುದಾದರೆ, ಡಾಕ್ಟರು ಹೇಳಿದ ಡೋಸ್‌ನಲ್ಲಿ ಈ ಮಾತ್ರೆಗಾಗಿ ನನ್ನ ಮೈ ಒಂದು ದಿನವೂ ಹಾತೊರೆದಿಲ್ಲ. ತಗೊಳ್ಳುವುದನ್ನೇ ಮರೆತುಬಿಡುತ್ತೇನೆ, ಅದೇ ನನ್ನ ನಿಜವಾದ ತೊಂದರೆ. ಆದರೆ ಇದನ್ನು ಪರೀಕ್ಷೆಗೆ ಓದಲೆಂದು ಬೇರೆಯವರ ಚೀಟಿಯಲ್ಲಿ ತಗೊಳ್ಳುವವರೂ ಇದ್ದಾರೆ, ಅದು ಅಪಾಯ. ಕಾನೂನು ಬಿಗಿಯಾಗಿರುವುದಕ್ಕೆ ಕಾರಣ ಇದೆ ಅಂತ ಒಪ್ಪುತ್ತೇನೆ.

ಆದರೂ ನನ್ನ ಸಂಕಟ ಇಲ್ಲೇ ಇರುವುದು. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ನನಗೆ ಒಂದು ತಿಂಗಳಿನದಷ್ಟೇ ಬರೆದುಕೊಡುತ್ತಾರೆ. ತಾರೀಖು ನೆನಪಿಡಬೇಕು, ಅಪಾಯಿಂಟ್‌ಮೆಂಟ್ ಹಿಡಿಯಬೇಕು, ರಜೆ ಹಾಕಬೇಕು, ರೈಲಿನ ಟಿಕೆಟ್ ಮಾಡಿಸಬೇಕು, ಎರಡೂ ಪ್ರತಿ ಕಳೆಯದೆ ತಲುಪಿಸಬೇಕು. ಮರೆವಿಗೆ ಚಿಕಿತ್ಸೆ ಸಿಗಬೇಕಾದರೆ ಏನೇನನ್ನೂ ಮರೆಯಬಾರದು. ಸಕ್ಕರೆ ಕಾಯಿಲೆಯವರಿಗೆ ನಮ್ಮ ಬೀದಿ ತುದಿಯ ಅಂಗಡಿಯಲ್ಲಿ ಸಿಗುವ ಸುಲಭ ನಮಗೆ ಜಿಲ್ಲಾ ಕೇಂದ್ರದಲ್ಲೂ ಸಿಕ್ಕಲಿಲ್ಲ. ಜಿಲ್ಲೆಗೆ ಒಂದೆರಡು ಕಡೆಯಾದರೂ ಖಾತ್ರಿಯಾಗಿ ಸಿಗುವ ಹಾಗೆ ಮಾಡುವುದು ಅಷ್ಟು ಕಷ್ಟವೇ?

ಹೀಗೆ ಒಮ್ಮೆ ಮೂರು ತಿಂಗಳು ಪೂರೈಕೆಯೇ ತಪ್ಪಿದಾಗ ಡಾಕ್ಟರು ಆಟೊಮಾಕ್ಸೆಟೀನ್‌ಗೆ ಬದಲಾಯಿಸಿದರು. ಇದು ಮೀಥೈಲ್‌ಫೆನಿಡೇಟ್ ಹಾಗೆ ಉತ್ತೇಜಕ (ಸ್ಟಿಮ್ಯುಲಂಟ್) ಗುಂಪಿಗೆ ಸೇರಿದ್ದಲ್ಲ, ಶೆಡ್ಯೂಲ್ ಎಕ್ಸ್ ಗೋಳಿಲ್ಲ, ಇಲ್ಲೇ ಸಿಗುತ್ತದೆ. ಆದರೆ ಇವತ್ತು ನುಂಗಿದರೆ ಇವತ್ತೇ ಗೊತ್ತಾಗುವುದಿಲ್ಲ, ನಾಲ್ಕಾರು ವಾರ ಬಿಡದೆ ತಗೊಳ್ಳಬೇಕು. ನನಗೆ ಮೊದಲ ಹತ್ತು ದಿನ ಹೊಟ್ಟೆ ತೊಳಸುತ್ತಿತ್ತು, ಬಾಯಿ ಒಣಗಿ ನಾಲಗೆ ಅಂಟುತ್ತಿತ್ತು. ಆರನೇ ವಾರದ ಹೊತ್ತಿಗೆ ಅದೂ ಕೆಲಸ ಮಾಡಿತು, ಮೆಲ್ಲಗೆ, ಇಡೀ ದಿನಕ್ಕೆ ಹರಡಿಕೊಂಡು. ಸಂಜೆಯ ಕಿರಿಕಿರಿ ಇರಲಿಲ್ಲ. ಪಿಗ್ಮಿ ಹಾಳೆಗೆ ಮಾತ್ರ ಮೊದಲಿನದರ ಚುರುಕು ಬರಲಿಲ್ಲ, ಹಾಗಾಗಿ ಆಮೇಲೆ ಹಿಂದಿರುಗಿದೆ. ಆತಂಕ ಜಾಸ್ತಿ ಇದ್ದ ನನ್ನ ಸಹೋದ್ಯೋಗಿಯ ತಂಗಿಗೆ ಇದೇ ಸರಿಹೋಗಿದೆ. ನನ್ನ ಚಿಕ್ಕಮ್ಮನ ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಅವನದು ಲಿಸ್‌ಡೆಕ್ಸ್‌ಆಂಫೆಟಮಿನ್, ಆಂಫೆಟಮಿನ್ ಗುಂಪಿನ ಮಾತ್ರೆ. 2018ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ 133 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಬಂತು: ಮಕ್ಕಳಿಗೆ ಮೀಥೈಲ್‌ಫೆನಿಡೇಟ್, ದೊಡ್ಡವರಿಗೆ ಆಂಫೆಟಮಿನ್ ಗುಂಪಿನವು ಮೊದಲ ಆಯ್ಕೆ ಎಂದು ಅದು ಹೇಳಿತು. ಆ ಗುಂಪಿನ ಮಾತ್ರೆ ಇಲ್ಲಿ ಚೀಟಿಗೆ ಸಿಗುವುದಿಲ್ಲ. "ಬರೋವಾಗ ತಂದುಕೊಡ್ಲಾ ಅಕ್ಕಾ?" ಅಂತ ಅವನು ಪ್ರೀತಿಯಿಂದ ಕೇಳಿದ. ಬೇಡ ಅಂದೆ. ಕಾನೂನಿನ ತೊಡಕು ಒಂದು ಕಡೆ, ಯಾರ ಉಸ್ತುವಾರಿಯೂ ಇಲ್ಲದೆ ನುಂಗುವುದು ಇನ್ನೊಂದು ಕಡೆ.

ಅಮ್ಮನಿಗೆ ಮಾತ್ರೆ ಎಂದರೆ ಹೆದರಿಕೆ. ಒಂದು ಮಳೆಗಾಲ ಊರಿಗೆ ಹೋದಾಗ ತೋಟದ ಕೆಳಗಿನ ಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ, ಕೊಚ್ಚಿಹೋಗಿ, ಅಪ್ಪ ಮತ್ತು ಆಳು ಸೇರಿ ಎರಡು ಅಡಿಕೆ ದಬ್ಬೆ ಹಾಕಿ ಕಟ್ಟುತ್ತಿದ್ದರು. ನಾವಿಬ್ಬರೂ ಈಚೆ ದಡದಲ್ಲಿ ನಿಂತಿದ್ದೆವು. "ಎಂತಕ್ಕೆ ಆ ಮಾತ್ರೆ? ಮನಸ್ಸು ಮಾಡಿದ್ರೆ ಆಗದ್ದು ಎಂತ ಉಂಟು?" ಅಂದಳು. ನಾನು ಹಳ್ಳ ತೋರಿಸಿದೆ. "ಅಮ್ಮ, ಆಚೆ ದಡ ನಂಗೆ ಕಾಣ್ತದೆ. ಎಂತ ಮಾಡ್ಬೇಕು, ಹೇಗೆ ಮಾಡ್ಬೇಕು ಎಲ್ಲ ಗೊತ್ತು. ಗೊತ್ತಿರೋದಕ್ಕೂ ಮಾಡೋದಕ್ಕೂ ಮಧ್ಯ ಈ ನೀರು. ಮಾತ್ರೆ ಸಂಕ ಹಾಕ್ತದೆ. ನಡೆಯೋದು ನಾನೇ." ಅವಳು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಮತ್ತೆ ನಾಲ್ಕು ಗಂಟೆಗೆ ಕೊಚ್ಚಿ ಹೋಗ್ತದೆ ಅಂತೀಯಲ್ಲ" ಅಂದಳು. ಅರ್ಥ ಮಾಡಿಕೊಂಡಿದ್ದಳು. ಅವತ್ತು ರಾತ್ರಿ ಊಟಕ್ಕೆ ಒಂದೆಲಗದ ತಂಬುಳಿ ಇತ್ತು. ಚಿಕ್ಕಂದಿನಿಂದ ನನ್ನ ಮರೆವಿಗೆಂದು ಅವಳು ಮಾಡುತ್ತಾ ಬಂದದ್ದು. ಒಂದೆಲಗವನ್ನೇ ನಮ್ಮ ಕಡೆ ಬ್ರಾಹ್ಮಿ ಅನ್ನುತ್ತಾರೆ, ಆದರೆ ಪೇಟೆಯಲ್ಲಿ ಬ್ರಾಹ್ಮಿ ಎಂದು ಬರುವ ಕೆಲವು ಮಾತ್ರೆಗಳಲ್ಲಿರುವುದು ನೀರುಬ್ರಾಹ್ಮಿ, ಬೇರೆಯೇ ಗಿಡ. ಎರಡೂ ಎಡಿಎಚ್‌ಡಿಗೆ ಮದ್ದು ಎನ್ನುವಷ್ಟು ಗಟ್ಟಿ ಪುರಾವೆ ಇಲ್ಲ. ತಂಬುಳಿಯನ್ನು ನಾನು ಎರಡು ಸಲ ಹಾಕಿಸಿಕೊಂಡು ಉಣ್ಣುತ್ತೇನೆ. ಅದು ತಂಬುಳಿಯ ರುಚಿಗೆ, ಅಮ್ಮನ ಕೈಗೆ.

ಸಂಕದ ಮೇಲೆ ನಡೆಯುವುದನ್ನು ನನಗೆ ಕಲಿಸಿದ್ದು ಒಬ್ಬ ಮನಶ್ಶಾಸ್ತ್ರಜ್ಞೆ. ಸಿಬಿಟಿ, ಅಂದರೆ ಯೋಚನೆ, ಅಭ್ಯಾಸಗಳನ್ನು ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ. ಹನ್ನೆರಡು ವಾರ, ವಿಡಿಯೊ ಕಾಲ್‌ನಲ್ಲಿ. 2010ರಲ್ಲಿ ಸ್ಟೀವನ್ ಸ್ಯಾಫ್ರೆನ್ ಮತ್ತು ಜೊತೆಗಾರರು 86 ಮಂದಿ ದೊಡ್ಡವರ ಮೇಲೆ ನಡೆಸಿದ ಅಧ್ಯಯನ ಇಂಥದ್ದೇ. ಮಾತ್ರೆ ತಗೊಳ್ಳುತ್ತಿದ್ದರೂ ತೊಂದರೆ ಉಳಿದವರಿಗೆ ಸಿಬಿಟಿಯಿಂದ ಹೆಚ್ಚು ಉಪಯೋಗವಾಯಿತು, ಬರೀ ವಿಶ್ರಾಂತಿಯ ತರಬೇತಿಯಿಂದ ಅಷ್ಟಾಗಲಿಲ್ಲ. ನನ್ನ ಸೆಷನ್‌ಗಳಲ್ಲಿ ದೊಡ್ಡ ತತ್ವ ಏನೂ ಇರಲಿಲ್ಲ. ಎಲ್ಲ ಪುಡಿ ಪುಡಿ ವಿಷಯ. ನೆನಪಿಡಲು ಪ್ರಯತ್ನ ಪಡಬೇಡಿ, ನೆನಪನ್ನು ತಲೆಯಿಂದ ಹೊರಗೆ ಇಡಿ ಎನ್ನುತ್ತಿದ್ದರು. ಕಣ್ಣಿಗೆ ಬೀಳದ್ದು ನನಗೆ ಇಲ್ಲವೇ ಇಲ್ಲ, ಹಾಗಾಗಿ ನಾಳೆ ಒಯ್ಯಬೇಕಾದ್ದೆಲ್ಲ ಒಂದು ಬಟ್ಟೆ ಬ್ಯಾಗಿಗೆ, ಬ್ಯಾಗು ಮುಂಬಾಗಿಲ ಚಿಲಕಕ್ಕೆ. ಅದನ್ನು ತೆಗೆಯದೆ ಬಾಗಿಲು ತೆರೆಯಲು ಬರುವುದಿಲ್ಲ. ಹಾಲಿಗೆ ಸೀಟಿ ಹೊಡೆಯುವ ಮಿಲ್ಕ್ ಕುಕ್ಕರ್ ಬಂತು, ಮೂರು ವರ್ಷದಿಂದ ಬರ್ನರ್ ಆರಿಲ್ಲ. ಬಟ್ಟೆ ಮಡಚುವುದು, ರಸೀದಿ ಜೋಡಿಸುವುದು ಇಂಥ ಬೇಸರದ ಕೆಲಸ ಇದ್ದರೆ ನಮ್ಮ ಅತ್ತಿಗೆಗೆ ವಿಡಿಯೊ ಕಾಲ್ ಮಾಡಿ ಫೋನ್ ಗೋಡೆಗೆ ಒರಗಿಸುತ್ತೇನೆ. ಅವರು ಅಲ್ಲಿ ತರಕಾರಿ ಹೆಚ್ಚುತ್ತಾರೆ, ನಾನು ಇಲ್ಲಿ ಮಡಚುತ್ತೇನೆ. ಹೆಚ್ಚು ಮಾತೂ ಇರುವುದಿಲ್ಲ. ಇನ್ನೊಬ್ಬರು ಜೊತೆಗಿದ್ದಾರೆ ಎಂಬುದೇ ಕೂರಿಸುತ್ತದೆ.

ದುಡ್ಡು ಕಳೆದುಕೊಂಡದ್ದನ್ನೂ ಹೇಳಬೇಕು. ಮೊದಲ ವರ್ಷ ತಲೆಗೆ ತಂತಿ ಅಂಟಿಸಿ, ಪರದೆಯ ಮೇಲೆ ವಿಮಾನ ಹಾರಿಸುತ್ತಾ ಮೆದುಳಿನ ಅಲೆ ತಿದ್ದುತ್ತೇವೆ ಎಂದ ಒಂದು ಕೇಂದ್ರಕ್ಕೆ ಇಪ್ಪತ್ತೆರಡು ಸಾವಿರ ಕಟ್ಟಿದೆ. ಮಾತ್ರೆಯೇ ಬೇಡ, ಶಾಶ್ವತ ಪರಿಹಾರ ಎಂದಿದ್ದರು. ಇದಕ್ಕೆ ನ್ಯೂರೋಫೀಡ್‌ಬ್ಯಾಕ್ ಅನ್ನುತ್ತಾರೆ. ಇದರ ಮೇಲೆ ಅಧ್ಯಯನಗಳು ಬೇಕಾದಷ್ಟಿವೆ, ಲಾಭ ಇದೆ ಎಂದು ತೋರಿಸಿದವೂ ಇವೆ. ಆದರೆ ಯಾರಿಗೆ ನಿಜವಾದ ಚಿಕಿತ್ಸೆ ಸಿಕ್ಕಿದೆ ಎಂದು ಗೊತ್ತಿಲ್ಲದವರು ಮಗುವನ್ನು ನೋಡಿ ಹೇಳಿದಾಗ ಆ ಲಾಭ ಕರಗಿಹೋಗುತ್ತದೆ. ಇದನ್ನು ಮೊದಲೇ ಯಾರಾದರೂ ಕನ್ನಡದಲ್ಲಿ ಬರೆದಿದ್ದರೆ ಮಗಳ ಒಂದು ವರ್ಷದ ಫೀಸು ಉಳಿಯುತ್ತಿತ್ತು.

ಈಗ ಅಣ್ಣನ ಮಗನ ವಿಷಯ. ಐದು ವರ್ಷ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಮಗು. ಎಡಿಎಚ್‌ಡಿಯಲ್ಲಿ ಅನುವಂಶೀಯತೆಯ ಪಾಲು ದೊಡ್ಡದು, ಅವಳಿ ಮಕ್ಕಳ ಅಧ್ಯಯನಗಳು ಸುಮಾರು 74 ಶೇಕಡಾ ಎನ್ನುತ್ತವೆ. ಹಾಗಾಗಿ ನಮಗೆ ಆಶ್ಚರ್ಯ ಆಗಲಿಲ್ಲ. ಅತ್ತಿಗೆಯ ತಾಯಿ ಸಕ್ಕರೆ ನಿಲ್ಲಿಸಿ ಅಂದರು. ಸಕ್ಕರೆಯಿಂದ ಮಕ್ಕಳು ಹೀಗಾಗುವುದಿಲ್ಲ ಎಂದು 1994ರಷ್ಟು ಹಿಂದೆಯೇ ಕಟ್ಟುನಿಟ್ಟಾದ ಪ್ರಯೋಗದಲ್ಲಿ ಕಂಡಿದೆ. ಇಷ್ಟು ಚಿಕ್ಕ ಮಗುವಿಗೆ ಮಾತ್ರೆ ಮೊದಲ ಹೆಜ್ಜೆ ಅಲ್ಲ. ಆರು ವರ್ಷದ ಒಳಗೆ ಮೊದಲು ಮಗುವಿನ ನಡವಳಿಕೆ ನಿಭಾಯಿಸಲು ತಂದೆ ತಾಯಿಗೆ ತರಬೇತಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘದ 2019ರ ಮಾರ್ಗಸೂಚಿಯೂ ಹೇಳುತ್ತದೆ. ಅಣ್ಣ ಅತ್ತಿಗೆ ವಾರಕ್ಕೊಮ್ಮೆ ಹೋಗುತ್ತಿದ್ದಾರೆ. ದೊಡ್ಡವನಾದ ಮೇಲೆ ಮಾತ್ರೆ ಬೇಕಾದರೂ ಈ ಕಲಿಕೆ ದಂಡವಾಗುವುದಿಲ್ಲ. 579 ಮಕ್ಕಳನ್ನು ಹದಿನಾಲ್ಕು ತಿಂಗಳು ನೋಡಿದ, 1999ರಲ್ಲಿ ಪ್ರಕಟವಾದ ಎಂಟಿಎ ಎಂಬ ಅಧ್ಯಯನದಲ್ಲಿ ಗಮನ, ಚಂಚಲತೆಗಳಿಗೆ ಮಾತ್ರೆಯೇ ಮುಂದಿತ್ತು. ಆದರೆ ಮಾತ್ರೆ, ತರಬೇತಿ ಎರಡೂ ಸಿಕ್ಕ ಮಕ್ಕಳಿಗೆ ಕಡಿಮೆ ಡೋಸ್ ಸಾಕಾಯಿತು.

ನನಗೆ ಅವನ ಶಾಲೆಯದೇ ಚಿಂತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಸಮಯ ಬೇಕು ಅಂದರೆ ಯಾವ ಕಾಗದ ತೋರಿಸಬೇಕು ಇವನು? ನಾಲ್ಕನೇ ಕ್ಲಾಸಿನ ನನ್ನ ಮೇಷ್ಟ್ರು ಒಂದು ಸಾಲು ಬರೆದು ಬಿಟ್ಟಿದ್ದರು, ಅವರಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಇವನ ಟೀಚರಿಗೆ ಗೊತ್ತಿರಬೇಕು.

ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ: ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗ. ಏನೂ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಹಳೆಯ ಪ್ರಗತಿ ಪತ್ರಗಳನ್ನು ಒಯ್ಯಿರಿ, ನಿಮ್ಮನ್ನು ಚಿಕ್ಕಂದಿನಲ್ಲಿ ನೋಡಿದವರನ್ನು ಕರೆದೊಯ್ಯಿರಿ.

ಕಳೆದ ಭಾನುವಾರ ಅಣ್ಣನ ಮಗ ಅಮ್ಮನ ಮನೆಯಲ್ಲಿದ್ದ. ಹಿತ್ತಲಿಂದ ಬಕೆಟ್ ತಾ ಅಂದರೆ ಬರಿಗೈಲಿ ಬಂದು ನಿಂತ. ಅಮ್ಮ ಬೈಯಲಿಲ್ಲ. ಅವನ ಎತ್ತರಕ್ಕೆ ಕೂತು, ಗಲ್ಲ ಹಿಡಿದು, "ಎಂತ ತರ್ಬೇಕು ಹೇಳು ಪುಟ್ಟ" ಅಂದಳು. "ಬಕೆಟ್." "ಹಾಂ, ಓಡು." ತಂದ. "ಜಾಣ" ಅಂದಳು. ನಾನು ಅಡುಗೆ ಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳು ನನ್ನ ಕಡೆ ಒಮ್ಮೆ ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು ಹೋದಳು.

ಇವತ್ತಿಗೆ ಆರು ಮಾತ್ರೆ ಉಳಿದಿವೆ. ಶನಿವಾರದ ರೈಲಿಗೆ ಟಿಕೆಟ್ ಆಗಿದೆ. ಆರು ಸ್ಟ್ರಿಪ್‌ಗೆ ಅಂಗಡಿಯವರಿಗೆ ಫೋನ್ ಮಾಡಿ ಹೇಳಿದ್ದೇನೆ. ಚೀಟಿಯ ಎರಡೂ ಪ್ರತಿ ಬ್ಯಾಗಿನಲ್ಲಿವೆ, ಬ್ಯಾಗು ಚಿಲಕಕ್ಕೆ ನೇತಾಡುತ್ತಿದೆ.